ಸಿಹಿನೀರಿನ ಬಾವಿ, ತೂತು ಬೀಳುವ ತಾಮ್ರ: ಗೋವಾದ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಬಿಳಿಯ ವಾಶ್‌ಬೇಸಿನ್ನಿನಲ್ಲಿ ನಲ್ಲಿ ತೊಟ್ಟಿಕ್ಕುವ ಕಡೆ ನೀಲಿ ಹಸಿರಿನ ಗೆರೆ ಮೂಡುತ್ತದೆ. ತಿಕ್ಕಿ ತೊಳೆದರೆ ಹೋಗುತ್ತದೆ, ಕೆಲವೇ ದಿನಗಳಲ್ಲಿ ಮರಳಿ ಬರುತ್ತದೆ. ಬೆಳಗ್ಗೆ ಎದ್ದು ಹಿಡಿದ ಮೊದಲ ಲೋಟದ ನೀರು ನಾಲಿಗೆಗೆ ಒಗರಾಗಿ, ಲೋಹದ ರುಚಿಯಾಗಿ ಹತ್ತುತ್ತದೆ. ಕೊನೆಗೊಂದು ದಿನ ಗ್ಯಾಸ್ ಗೀಸರಿನ ತಾಮ್ರದ ಸುರುಳಿಯಲ್ಲಿಯೋ ಸೋಲಾರ್ ಫಲಕದ ಕೊಳವೆಯಲ್ಲಿಯೋ ಸೂಜಿಮೊನೆಯಷ್ಟು ತೂತು ಬಿದ್ದು ನೀರು ಜಿನುಗಲು ಶುರುವಾಗುತ್ತದೆ. ಸುರುಳಿ ಬದಲಾಯಿಸುತ್ತಾರೆ, ದುಡ್ಡು ಕೊಡುತ್ತಾರೆ, ಎರಡು ಮಳೆಗಾಲ ಕಳೆಯುವುದರೊಳಗೆ ಅದೇ ದೂರು ಮತ್ತೆ. ಇಂಥ ಮನೆಗಳಲ್ಲಿ ತಪ್ಪು ಬಹುಪಾಲು ತಾಮ್ರದ್ದಲ್ಲ, ಬೆಸುಗೆ ಹಾಕಿದವನದ್ದೂ ಅಲ್ಲ. ಬಾವಿಯ ನೀರಿನದು.

ಇದನ್ನು ಹೇಳಿದರೆ ಮನೆಯವರು ಒಪ್ಪುವುದು ಕಷ್ಟ. ಏಕೆಂದರೆ ಆ ನೀರು ಕುಡಿಯಲು ಸಿಹಿ, ಕಣ್ಣಿಗೆ ತಿಳಿ. ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಪೆನ್ನು ಅದ್ದಿದರೆ 40, 60 ಎಂದು ತೋರಿಸುತ್ತದೆ. "ಇಷ್ಟು ಒಳ್ಳೆಯ ನೀರು ಎಲ್ಲಿ ಸಿಗುತ್ತದೆ ಅಣ್ಣಾ" ಎಂದು ಕೇಳುತ್ತಾರೆ. ವಾಸ್ಕೊ, ಮಡಗಾಂವ್, ಮಾಪುಸಾ, ಫೋಂಡಾ ಕಡೆಗಳಲ್ಲಿ ಪ್ಲಂಬಿಂಗ್ ಮಾಡುವವರಲ್ಲಿ, ಬಂಗಲೆಗಳನ್ನು ನೋಡಿಕೊಳ್ಳುವವರಲ್ಲಿ ವಿಜಯಪುರ, ಬಾಗಲಕೋಟೆ, ಗದಗದಿಂದ ಬಂದ ನಮ್ಮವರೇ ಬಹಳ ಮಂದಿ ಇದ್ದಾರೆ. ನಮ್ಮ ಊರಿನ ಕಡೆ ಕೆಟ್ಟ ನೀರೆಂದರೆ ಸವುಳು ನೀರು: ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಬೇಳೆ ಬೇಗ ಬೆಂದರೆ ನೀರು ಒಳ್ಳೆಯದೆಂದೇ ಲೆಕ್ಕ. ಗೋವಾದ ಬಾವಿಯ ಮುಂದೆ ಈ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ ತಾಮ್ರವನ್ನು ತಿನ್ನುವುದು ಆ ಮೆದು ನೀರೇ. ಟಿಡಿಎಸ್ ಕಡಿಮೆ ಇದ್ದಷ್ಟೂ ಅನುಮಾನ ಹೆಚ್ಚಬೇಕು, ಕಡಿಮೆಯಾಗಬಾರದು.

ಕಾರಣ ನೆಲದಲ್ಲಿದೆ. ಗೋವಾದ ಬಹುಭಾಗ ಜಂಬಿಟ್ಟಿಗೆಯ ನೆಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬಿದ್ದು ಬಿದ್ದು, ಕಲ್ಲಿನಲ್ಲಿದ್ದ ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ಆಕ್ಸೈಡುಗಳು ಉಳಿದುಕೊಂಡಿವೆ. ಮಳೆಯ ನೀರು ಮೇಲ್ಮಣ್ಣಿನಲ್ಲಿ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಸುಣ್ಣದಕಲ್ಲಿನ ನೆಲವಾಗಿದ್ದರೆ ಆ ಹುಳಿ ಅಲ್ಲಿಯೇ ಮುರಿಯುತ್ತಿತ್ತು. ಜಂಬಿಟ್ಟಿಗೆಯಲ್ಲಿ ಅದನ್ನು ಮುರಿಯಲು ಏನೂ ಇಲ್ಲ, ಹುಳಿ ಹಾಗೆಯೇ ಬಾವಿಗೆ ಬರುತ್ತದೆ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಣಸೆಹುಳಿ ಇಟ್ಟರೆ ಏನಾಗುತ್ತದೆಂದು ನಮ್ಮ ತಾಯಂದಿರಿಗೆ ಗೊತ್ತು. ಕೊಳವೆಯಲ್ಲಿ ಅದೇ ಕೆಲಸ ನಿಧಾನವಾಗಿ, ರಾತ್ರಿಯಿಡೀ ನಿಂತ ನೀರಿನಲ್ಲಿ ನಡೆಯುತ್ತದೆ.

ಗೋವಾದ ಬಹಳಷ್ಟು ಮನೆಗಳಲ್ಲಿ ಗೋಡೆಯೊಳಗಿನ ಪೈಪು ಈಗ ಸಿಪಿವಿಸಿ, ಅಂದರೆ ಬಿಸಿನೀರು ತಾಳುವ ಪ್ಲಾಸ್ಟಿಕ್. ಆದರೂ ತಾಮ್ರ ಇದ್ದೇ ಇರುತ್ತದೆ: ಗ್ಯಾಸ್ ಗೀಸರಿನ ಸುರುಳಿ, ಕೆಲವು ವಿದ್ಯುತ್ ಗೀಸರಿನ ಒಳತೊಟ್ಟಿ, ಸೋಲಾರ್ ಫಲಕದ ಕೊಳವೆಗಳು, ದೊಡ್ಡ ಬಂಗಲೆಗಳಲ್ಲಿ ಬಿಸಿನೀರಿನ ಇಡೀ ಲೈನು.

ಮೊದಲು ಕಲೆ ಏನೆಂದು ಖಚಿತ ಮಾಡಿಕೊಳ್ಳಿ

ಕಂದು ಅಥವಾ ತುಕ್ಕಿನ ಬಣ್ಣದ ಕಲೆ ಕಬ್ಬಿಣದ್ದು, ಕಪ್ಪು ಕಲೆ ಮ್ಯಾಂಗನೀಸಿನದೋ ಗಂಧಕದ ಅನಿಲದ್ದೋ ಆಗಿರಬಹುದು. ಅವಕ್ಕೆ ಬೇರೆಯೇ ಪರಿಹಾರ ಬೇಕು. ನೀಲಿ ಹಸಿರು ಕಂಡರೂ ಅದು ಪಾಚಿಯೋ, ಶೌಚಾಲಯದ ಶುಚಿಕಾರಕದ ಬಣ್ಣವೋ ಆಗಿರಬಹುದು. ಅನುಮಾನ ಬಂದರೆ ಸಣ್ಣ ಪರೀಕ್ಷೆಯೊಂದನ್ನು ಮಾಡಿ. ಬಿಳಿ ಹತ್ತಿಯ ಉಂಡೆಯನ್ನು ವಿನೆಗರಿನಲ್ಲಿ ಅದ್ದಿ ಕಲೆಯ ಮೇಲೆ ಹತ್ತು ನಿಮಿಷ ಒತ್ತಿಡಿ. ಹತ್ತಿ ತಿಳಿ ಹಸಿರಾಗುತ್ತದೆ. ಅದರ ಮೇಲೆ ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಬಿಡಿ. ವಿನೆಗರಿನ ಹುಳಿ ಮುರಿಯುವವರೆಗೆ ಏನೂ ಕಾಣುವುದಿಲ್ಲ. ಆಮೇಲೆ ಒಮ್ಮೆಲೇ ಗಾಢ ನೀಲಿ ಬಣ್ಣ ಅರಳಿದರೆ ಅದು ತಾಮ್ರವೇ. ಪಾಚಿಯಾಗಲಿ ಶುಚಿಕಾರಕದ ಬಣ್ಣವಾಗಲಿ ಹೀಗೆ ತಿರುಗುವುದಿಲ್ಲ. ಬೇಸಿನ್ನಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಈ ಪರೀಕ್ಷೆ ಬೇಡವೇ ಬೇಡ. ಬ್ಲೀಚಿಂಗ್ ಪೌಡರ್ ವಿನೆಗರಿನ ಜೊತೆ ಸೇರಿದರೂ ಅಮೋನಿಯಾದ ಜೊತೆ ಸೇರಿದರೂ ವಿಷಾನಿಲ ಏಳುತ್ತದೆ.

ಮನೆಗೆ ಸರಕಾರಿ ನಲ್ಲಿಯೂ ಇದ್ದರೆ ಇನ್ನೂ ಸುಲಭ. ಬಾವಿಯ ನೀರು ಬರುವ ಬಚ್ಚಲಿನಲ್ಲಿ ಕಲೆ ಇದ್ದು, ಓಪಾ, ಅಸೊನೋರಾದಂಥ ಸರಕಾರಿ ಶುದ್ಧೀಕರಣ ಘಟಕಗಳಿಂದ ಬರುವ ನೀರಿನ ಬಚ್ಚಲಿನಲ್ಲಿ ಇಲ್ಲದಿದ್ದರೆ, ಅರ್ಧ ರೋಗ ಅಲ್ಲಿಯೇ ಪತ್ತೆಯಾದಂತೆ.

ಬಿಚ್ಚಿದ ಕೊಳವೆಯನ್ನು ಎಸೆಯಬೇಡಿ

ಬದಲಾಯಿಸಿದ ತುಂಡನ್ನು ಗುಜರಿಗೆ ಹಾಕುವ ಮೊದಲು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ ನೋಡಿ. ಯಾವ ಪ್ರಯೋಗಾಲಯವೂ ಹೇಳದ ಸಂಗತಿಯನ್ನು ಆ ತುಂಡು ಹೇಳುತ್ತದೆ.

ಆರೋಗ್ಯವಾಗಿರುವ ಕೊಳವೆಯ ಒಳಮೈ ಮಸಕು ಕಂದು, ಬೆರಳಾಡಿಸಿದರೆ ನಯ. ಅದು ತಾಮ್ರ ತನ್ನನ್ನು ತಾನೇ ಕಾಪಾಡಿಕೊಳ್ಳಲು ಕಟ್ಟಿಕೊಂಡ ಆಕ್ಸೈಡಿನ ಪದರ. ಹುಳಿನೀರು ಹರಿದ ಕೊಳವೆಯಲ್ಲಿ ಆ ಪದರ ನಿಂತಿರುವುದಿಲ್ಲ. ಒಳಮೈ ಹೊಸ ತಾಮ್ರದಂತೆ ಕೆಂಪಗೆ ಹೊಳೆಯುತ್ತಿರುತ್ತದೆ, ಇಲ್ಲವೇ ಸಡಿಲವಾದ ಹಸಿರು ಪುಡಿ ಕೂತಿರುತ್ತದೆ. ಗೋಡೆ ಸುತ್ತಲೂ ಸಮನಾಗಿ ಸವೆದಿರುತ್ತದೆ. 15 ಮಿಲಿಮೀಟರ್ ಕೊಳವೆಯ ಗೋಡೆ ಸಾಮಾನ್ಯವಾಗಿ 0.7ರಿಂದ 1 ಮಿಲಿಮೀಟರ್ ದಪ್ಪ, ಗೀಸರಿನ ಸುರುಳಿಯದು ತೆಳು. ವರ್ನಿಯರ್ ಇದ್ದರೆ ಎರಡು ಮೂರು ಕಡೆ ಅಳೆದು ಬರೆದಿಡಿ.

ಬೇರೆ ಚಿತ್ರ ಕಂಡರೆ ಬೇರೆ ಕಾರಣ. ಎಲ್ಬೋ (ಪೈಪಿನ ತಿರುವು) ದಾಟಿದ ಕೂಡಲೇ, ಹರಿವಿನ ದಿಕ್ಕಿನಲ್ಲಿ ಕುದುರೆಯ ಲಾಳದಾಕಾರದ ಗುಳಿಗಳಿದ್ದರೆ ನೀರಿನ ವೇಗ ಹೆಚ್ಚಾಗಿದೆ: ಪ್ರೆಷರ್ ಪಂಪ್ ಜೋರಾಗಿದೆ, ಪೈಪು ಸಣ್ಣದಾಗಿದೆ, ಅಥವಾ ಕತ್ತರಿಸಿದ ಅಂಚನ್ನು ಒಳಗಿನಿಂದ ಅರ ಹಾಕಿ ನಯಗೊಳಿಸಿಲ್ಲ. ಬಿಸಿನೀರಿನ ಕೊಳವೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 1.5 ಮೀಟರ್ ಒಳಗಿರುವುದು ಲೇಸು. ಅಡ್ಡ ಕೊಳವೆಯ ತಳದಲ್ಲಿ ಮಾತ್ರ ಗುಳಿ ಬಿದ್ದಿದ್ದರೆ ಕೂತ ಕೆಸರಿನ ಕೆಳಗೆ ಕೊರೆತ ನಡೆದಿದೆ, ಒಂದು ಕೆಸರು ಫಿಲ್ಟರ್ ಬೇಕು. ಬೆಸುಗೆಯ ಬಳಿ ಮಾತ್ರ ಹಸಿರು ಇಳಿದಿದ್ದರೆ ಬೆಸುಗೆಗೆ ಹಚ್ಚಿ ತೊಳೆಯದೆ ಬಿಟ್ಟ ಫ್ಲಕ್ಸ್ ಲೇಪ ಕಾರಣ. ಹೊರಗಿನಿಂದ ತಿಂದಿದ್ದರೆ ನೀರನ್ನು ಬಿಟ್ಟು ಗೋಡೆಯ ತೇವವನ್ನೂ ಅರ್ಥಿಂಗನ್ನೂ ಪರೀಕ್ಷಿಸಿ. ಅರ್ಥಿಂಗ್ ಕೆಲಸ ಎಲೆಕ್ಟ್ರಿಷಿಯನ್ನಿನದು, ಅವನಿಗೇ ಬಿಡಿ.

ಹಳೆಯ ಮನೆಗಳಲ್ಲಿ ತಾಮ್ರದ ನಂತರ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪು ಜೋಡಿಸಿರುವುದನ್ನು ಕಾಣುತ್ತೇವೆ. ಇದು ತೀರ ಕೆಟ್ಟ ಜೋಡಣೆ. ತಾಮ್ರದಿಂದ ಕರಗಿ ಬಂದ ಕಣಗಳು ಸತುವಿನ ಮೇಲೆ ಕೂತು ಜಿಐ ಪೈಪನ್ನು ತೂತು ಮಾಡುತ್ತವೆ. ನೀರು ಹರಿಯುವ ದಿಕ್ಕಿನಲ್ಲಿ ಜಿಐ ಮೊದಲು, ತಾಮ್ರ ಆಮೇಲೆ ಇರಬೇಕು. ಉಲ್ಟಾ ಆಗಬಾರದು.

ನೀರನ್ನು ಬಾವಿಯ ಕಟ್ಟೆಯ ಮೇಲೆಯೇ ಅಳೆಯಿರಿ

ಬಹಳ ಮಂದಿ ದಾರಿ ತಪ್ಪುವುದು ಇಲ್ಲಿ. ಬಾಟಲಿಯಲ್ಲಿ ನೀರು ತುಂಬಿ ಕಳಿಸುತ್ತಾರೆ, ಮರುದಿನವೋ ಅದರ ಮರುದಿನವೋ ವರದಿ ಬರುತ್ತದೆ, ಪಿಎಚ್ 6.7 ಎಂದಿರುತ್ತದೆ (ಪಿಎಚ್ ಎಂದರೆ ಹುಳಿಯ ಅಳತೆ: 7 ಸಮ, ಅದಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು). ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗಿರಬೇಕು, ಹಾಗಾಗಿ ಎಲ್ಲವೂ ಸರಿಯಾಗಿದೆ ಎಂದು ಸುಮ್ಮನಾಗುತ್ತಾರೆ. ಆದರೆ ದಾರಿಯಲ್ಲಿ ಬಾಟಲಿಯೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿರುತ್ತದೆ. ಬಾವಿಯಲ್ಲಿ 5.8 ಇದ್ದ ನೀರು ಪ್ರಯೋಗಾಲಯ ತಲುಪುವಷ್ಟರಲ್ಲಿ ಸಾಧುವಾಗಿರುತ್ತದೆ. ಮನೆಯ ಕೊಳವೆ ಕಾಣುವುದು ಆ 5.8ರ ನೀರನ್ನು, ವರದಿಯ ನೀರನ್ನಲ್ಲ.

ಪಿಎಚ್ ಪೆನ್ನನ್ನು ಅದರ ಜೊತೆ ಬರುವ ಬಫರ್ ಪುಡಿಗಳಿಂದ ಸರಿಪಡಿಸಿಕೊಂಡು ಬಾವಿಯ ಬಳಿಗೇ ಒಯ್ಯಿರಿ. ಖನಿಜ ಕಡಿಮೆ ಇರುವ ನೀರಿನಲ್ಲಿ ಪೆನ್ನಿನ ಅಂಕಿ ನಿಧಾನವಾಗಿ ತೆವಳುತ್ತದೆ, ನಿಲ್ಲುವವರೆಗೆ ತಾಳ್ಮೆ ಬೇಕು. ಬಣ್ಣದ ಪಟ್ಟಿಗಳನ್ನು ಈ ನೀರಿಗೆ ನಾನು ನಂಬುವುದಿಲ್ಲ. ಅಂಕಿ ಬರೆದುಕೊಂಡ ಮೇಲೆ ಅದೇ ನೀರನ್ನು ಎರಡು ಚೊಂಬುಗಳ ನಡುವೆ ಮೇಲಿನಿಂದ ಕೆಳಕ್ಕೆ ಹತ್ತಾರು ಸಲ ಹೊಯ್ದು ಮತ್ತೆ ಅಳೆಯಿರಿ. ಪಿಎಚ್ ಗಣನೀಯವಾಗಿ ಏರಿದರೆ ಹುಳಿಗೆ ಕಾರಣ ಕರಗಿದ ಇಂಗಾಲದ ಡೈಆಕ್ಸೈಡ್. ಕದಲದಿದ್ದರೆ ಹುಳಿ ಬೇರೆ ಮೂಲದ್ದು, ಆಗ ಪೂರ್ಣ ರಾಸಾಯನಿಕ ಪರೀಕ್ಷೆಯಾಗುವವರೆಗೆ ಯಾವ ಯಂತ್ರವನ್ನೂ ಕೊಳ್ಳಬೇಡಿ.

ಎರಡನೆಯ ಅಂಕಿ ಕ್ಷಾರತೆ. ನೀರಿಗೆ ಹುಳಿಯನ್ನು ತಾಳಿಕೊಳ್ಳುವ ಶಕ್ತಿ ಎಷ್ಟಿದೆ ಎಂಬುದನ್ನು ಇದು ಹೇಳುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಕೆಎಚ್ ಕಿಟ್ ಎಂದು ಕೇಳಿ. ಹನಿ ಹಾಕುತ್ತ ಬಣ್ಣ ತಿರುಗುವವರೆಗೆ ಎಣಿಸಬೇಕು. ಒಂದು ಡಿಗ್ರಿಯೆಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ). ಮುಂದೆ ಬರುವ ಕ್ಷಾರತೆಯ ಅಂಕಿಗಳೆಲ್ಲ ಈ ಮಿಲಿಗ್ರಾಂ ಲೆಕ್ಕದವೇ. ಜಂಬಿಟ್ಟಿಗೆಯ ಬಾವಿಗಳಲ್ಲಿ ಮೊದಲ ಹನಿಗೇ ಬಣ್ಣ ತಿರುಗಿಬಿಡುವುದುಂಟು. ಆಗ ಮಾದರಿ ನೀರನ್ನು ಎರಡು ಪಟ್ಟು ತೆಗೆದುಕೊಂಡು, ಬಂದ ಅಂಕಿಯನ್ನು ಅರ್ಧ ಮಾಡಿ.

ಈ ಎರಡು ಅಂಕಿಗಳಿಂದ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಅಂದಾಜು ಮಾಡಬಹುದು. ಪಿಎಚ್ 6.35 ಇರುವಾಗ ಅದು ಕ್ಷಾರತೆಯ ಸುಮಾರು 0.9 ಪಟ್ಟು. ಪಿಎಚ್ 0.3 ಇಳಿದಂತೆಲ್ಲ ಎರಡು ಪಟ್ಟಾಗುತ್ತ ಹೋಗುತ್ತದೆ. ಪಿಎಚ್ 5.8, ಕ್ಷಾರತೆ 10 ಇರುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಆಸುಪಾಸು ಇರುತ್ತದೆ. ಮುಂದಿನ ಲೆಕ್ಕಕ್ಕೆ ಈ ನೀರನ್ನೇ ಇಟ್ಟುಕೊಳ್ಳುತ್ತೇನೆ.

ತಾಮ್ರದ ಪ್ರಮಾಣಕ್ಕೆ ಮಾತ್ರ ಮಾನ್ಯತೆ ಇರುವ ಪ್ರಯೋಗಾಲಯವೇ ಬೇಕು. ಮೂರು ಬಾಟಲಿ ಕೊಡಿ: ಬಾವಿಯಿಂದ ನೇರವಾಗಿ ಒಂದು, ರಾತ್ರಿ ಕನಿಷ್ಠ ಆರು ಗಂಟೆ ಮುಟ್ಟದೆ ಬಿಟ್ಟ ನಲ್ಲಿಯ ಬೆಳಗಿನ ಮೊದಲ ನೀರು ಇನ್ನೊಂದು, ಅದೇ ನಲ್ಲಿಯನ್ನು ಐದು ನಿಮಿಷ ಹರಿಸಿ ಹಿಡಿದದ್ದು ಮತ್ತೊಂದು. ಬಾವಿಯಲ್ಲಿ ಇಲ್ಲದ ತಾಮ್ರ ಮೊದಲ ನೀರಿನಲ್ಲಿ ಕಂಡರೆ ಅದು ನಿಮ್ಮ ಕೊಳವೆಯಿಂದಲೇ ಕರಗಿ ಬಂದದ್ದು. ಐಎಸ್ 10500ರ ಪ್ರಕಾರ ತಾಮ್ರದ ಅಪೇಕ್ಷಿತ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 2 ಮಿಲಿಗ್ರಾಂ. ಮಿತಿ ಮೀರಿದರೆ ಓಕರಿಕೆ, ಹೊಟ್ಟೆನೋವು ಬರಬಹುದು. ಮನೆಯಲ್ಲಿ ಬಾಟಲಿ ಹಾಲು ಕುಡಿಯುವ ಕೂಸಿದ್ದರೆ ಫಲಿತಾಂಶಕ್ಕೆ ಕಾಯದೆ, ಬೆಳಗಿನ ಮೊದಲ ನೀರನ್ನೂ ಬಿಸಿನೀರಿನ ನಲ್ಲಿಯ ನೀರನ್ನೂ ಹಾಲು ಕಲಸಲು ಬಳಸುವುದನ್ನು ಇಂದೇ ನಿಲ್ಲಿಸಿ. ಜೊತೆಯಲ್ಲಿ ಸೀಸವನ್ನೂ ಪರೀಕ್ಷೆ ಮಾಡಿಸಿ. ಹಳೆಯ ಬೆಸುಗೆಯಲ್ಲೂ ಹಿತ್ತಾಳೆಯ ನಲ್ಲಿಗಳಲ್ಲೂ ಸೀಸ ಇರುತ್ತದೆ, ಹುಳಿನೀರು ಅದನ್ನೂ ಬಿಡುವುದಿಲ್ಲ. ಇಂಥ ಬಾವಿಯ ನೀರನ್ನು ಆರೋಗ್ಯಕ್ಕೆಂದು ರಾತ್ರಿಯಿಡೀ ತಾಮ್ರದ ತಂಬಿಗೆಯಲ್ಲಿಟ್ಟು ಕುಡಿಯುವವರು, ಪಿಎಚ್ ಸರಿಯಾಗುವವರೆಗಾದರೂ ಸ್ಟೀಲಿನ ತಂಬಿಗೆಗೆ ಬದಲಾಯಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಸಮುದ್ರದ ಅಂಚಿನ ಬಾವಿಯಾದರೆ ಏಪ್ರಿಲ್, ಮೇ ತಿಂಗಳಲ್ಲಿ ಟಿಡಿಎಸ್ ಎಷ್ಟು ಏರುತ್ತದೆ ನೋಡಿ. ನೂರಾರು ಅಂಕಿ ಜಿಗಿದರೆ ಉಪ್ಪುನೀರು ಒಳಬರುತ್ತಿದೆ. ಉಪ್ಪಿನ ಕೊರೆತಕ್ಕೆ ಮುಂದೆ ಹೇಳುವ ಯಾವ ಉಪಾಯವೂ ನಡೆಯುವುದಿಲ್ಲ. ಆ ತಿಂಗಳುಗಳಲ್ಲಿ ಪಂಪನ್ನು ಕಡಿಮೆ ಓಡಿಸಿ, ಗೀಸರಿಗೆ ಸರಕಾರಿ ನೀರು ಕೊಡಿ.

ಇಷ್ಟು ವರ್ಷ ಏನೂ ಆಗಿರಲಿಲ್ಲವಲ್ಲ?

ಈ ಪ್ರಶ್ನೆ ಬಂದೇ ಬರುತ್ತದೆ, ಇದಕ್ಕೆ ಸರಿಯಾದ ಉತ್ತರವೂ ಇದೆ. ಬಾರ್ದೇಶ ತಾಲೂಕಿನ ಒಂದು ಹಳೆಯ ಮನೆಯಲ್ಲಿ ಬಿಸಿನೀರಿನ ತಾಮ್ರದ ಲೈನು ಬಹುಕಾಲ ಸೋರದೆ ನಡೆದಿತ್ತು, ಆಮೇಲೆ ಒಂದರ ಹಿಂದೊಂದು ತೂತು ಬೀಳಲು ಶುರುವಾಯಿತು. ಬಾವಿ ಅದೇ, ಪಂಪು ಅದೇ. ಬದಲಾಗಿದ್ದದ್ದು ಟ್ಯಾಂಕು. ಮೇಲಿದ್ದ ಸಿಮೆಂಟಿನ ತೊಟ್ಟಿ ಬಿರುಕು ಬಿಟ್ಟಿತೆಂದು ಒಡೆಸಿ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿದ್ದರು. ಹುಳಿನೀರು ಅದುವರೆಗೆ ಸಿಮೆಂಟಿನ ಸುಣ್ಣವನ್ನು ತಿಂದು ತಣ್ಣಗಾಗಿ ಮನೆಯೊಳಗೆ ಬರುತ್ತಿತ್ತು. ತೊಟ್ಟಿಯ ಒಳಗೋಡೆ ಒರಟಾಗಿ, ಜಲ್ಲಿ ಕಾಣುವಷ್ಟು ಸವೆದಿದ್ದೂ ಅದಕ್ಕೇ. ತೊಟ್ಟಿ ಹೋದ ಮೇಲೆ ಹುಳಿ ನೇರವಾಗಿ ತಾಮ್ರಕ್ಕೆ ತಗುಲಿತು. ಹಾಗಾಗಿ ಯಾವ ಮನೆಗೆ ಹೋದರೂ ಟ್ಯಾಂಕು ಯಾವಾಗ ಬದಲಾಯಿಸಿದಿರಿ ಎಂದು ಕೇಳುತ್ತೇನೆ.

ಪರಿಹಾರವನ್ನು ಕ್ಷಾರತೆ ನೋಡಿ ಆರಿಸಿ

ಮೊದಲು ಯಾವುದನ್ನು ಕೊಳ್ಳಬಾರದೆಂದು ಹೇಳುತ್ತೇನೆ. ವಾಟರ್ ಸಾಫ್ಟನರ್ ಗಡಸುತನವನ್ನು ತೆಗೆಯುತ್ತದೆ. ಗೋವಾದ ಈ ನೀರಿನಲ್ಲಿ ತೆಗೆಯಲು ಗಡಸುತನವೇ ಇಲ್ಲ, ಹುಳಿಯನ್ನು ಅದು ಮುಟ್ಟುವುದೂ ಇಲ್ಲ. ಇಡೀ ಮನೆಗೆ ಆರ್‌ಒ ಹಾಕಿದರೆ ಇದ್ದ ಅಲ್ಪ ಕ್ಷಾರತೆಯೂ ಹೋಗಿ ತಾಮ್ರ ಇನ್ನೂ ಬೇಗ ಕರಗುತ್ತದೆ. ನಮ್ಮ ಊರಿನಲ್ಲಿ ಉಪಯೋಗಕ್ಕೆ ಬಂದ ಯಂತ್ರವೆಂದು ಇಲ್ಲಿ ದುಬಾರಿ ಬೆಲೆ ತೆತ್ತು ಹಾಕಿಸಿಕೊಂಡವರನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಬಾವಿಗೆ ಸುಣ್ಣ ಸುರಿಯುವುದನ್ನು ಹಿರಿಯರು ಸೂಚಿಸುತ್ತಾರೆ. ಸುಣ್ಣ ಹುಳಿಯನ್ನು ಮುರಿಯುವುದು ನಿಜ. ಆದರೆ ನಮ್ಮ ಲೆಕ್ಕದ ನೀರಿಗೆ 1000 ಲೀಟರಿಗೆ ಬೇಕಾದದ್ದು ಸುಮಾರು 25 ಗ್ರಾಂ. ಒಂದು ಹಿಡಿ ಹೆಚ್ಚಾದರೆ ಪಿಎಚ್ 10 ದಾಟಿ ಮೈ ಕಣ್ಣು ಉರಿಯುತ್ತದೆ. ಬಾವಿಯಲ್ಲಿ ಎಷ್ಟು ನೀರಿದೆ ಎಂಬುದು ದಿನಕ್ಕೊಂದು ಬಗೆ, ಮಳೆಗಾಲದಲ್ಲಿ ರಾತ್ರಿ ಹಾಕಿದ ಸುಣ್ಣ ಒಸರು ನೀರಿನೊಂದಿಗೆ ಬೆಳಗಾಗುವುದರಲ್ಲಿ ಕೊಚ್ಚಿಹೋಗಿರುತ್ತದೆ. ಅಳತೆ ನಿಲ್ಲದ ಕಡೆ ಸುಣ್ಣ ಬೇಡ.

ಕ್ಷಾರತೆ 60 ಅಥವಾ ಅದಕ್ಕಿಂತ ಹೆಚ್ಚಿದ್ದೂ ಪಿಎಚ್ ಕಡಿಮೆ ಇದ್ದರೆ ನಿಮ್ಮ ಅದೃಷ್ಟ. ಅಂಥ ನೀರಿಗೆ ಗಾಳಿ ಸಾಕು. ಟ್ಯಾಂಕಿನ ಮೇಲ್ಭಾಗದಲ್ಲಿ ಒಳಬರುವ ಪೈಪಿಗೆ ಸಣ್ಣ ರಂಧ್ರಗಳ ಅಡ್ಡಪೈಪು ಜೋಡಿಸಿ, ನೀರು ಹನಿಯಾಗಿ ಚದುರಿ ಬೀಳುವಂತೆ ಮಾಡಿ. ಟ್ಯಾಂಕಿನ ಎರಡೂ ಬದಿಗೆ ಸೊಳ್ಳೆ ಬಲೆ ಹಾಕಿದ ಗಾಳಿಕಿಂಡಿ ಬೇಕು, ಇಲ್ಲದಿದ್ದರೆ ಹೊರಬಂದ ಅನಿಲ ಅಲ್ಲಿಯೇ ಉಳಿದು ಮರಳಿ ಕರಗುತ್ತದೆ. ಈ ನೀರಿಗೆ ಮುಂದೆ ಹೇಳುವ ಕ್ಯಾಲ್ಸೈಟ್ ಹಾಕಿದರೆ ಅನಗತ್ಯವಾಗಿ ಗಡಸಾಗುತ್ತದೆ.

ಕ್ಷಾರತೆ 10, 20ರ ಮಟ್ಟದಲ್ಲಿದ್ದರೆ ಗಾಳಿಯಿಂದ ಪಿಎಚ್ ಏರಬಹುದು, ಆದರೆ ತಾಳಿಕೊಳ್ಳುವ ಶಕ್ತಿ ಬರುವುದಿಲ್ಲ. ಅಲ್ಲಿ ಕ್ಯಾಲ್ಸೈಟ್ ಹಾಸು, ಅಂದರೆ ನೀರು ಹಾದುಹೋಗುವಂತೆ ಸಿಲಿಂಡರಿನಲ್ಲಿ ತುಂಬಿದ ಹರಳುಗಳ ಪದರ ಬೇಕು. ಕ್ಯಾಲ್ಸೈಟ್ ಎಂದರೆ ಅಮೃತಶಿಲೆಯಲ್ಲಿರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಸಣ್ಣ ಹರಳುಗಳಾಗಿ. ನೀರಿನ ಹುಳಿ ಅದನ್ನು ಕರಗಿಸುತ್ತದೆ, ಕರಗಿಸುತ್ತ ತಾನು ಮುರಿಯುತ್ತದೆ, ಹುಳಿ ಮುಗಿದಂತೆ ಕರಗುವುದೂ ನಿಲ್ಲುತ್ತದೆ. ಅಳತೆ ತಪ್ಪುವ ಭಯವಿಲ್ಲದ ಈ ಗುಣಕ್ಕಾಗಿಯೇ ನಾನು ಇದನ್ನು ಮೊದಲು ಸೂಚಿಸುವುದು. ಮೊಸಾಯಿಕ್ ನೆಲಕ್ಕೆ ಬಳಸುವ ಜಲ್ಲಿ ಬೇಡ, ಅದು ದಪ್ಪವಿರುವುದರಿಂದ ಸಾಕಷ್ಟು ಬೇಗ ಕರಗುವುದಿಲ್ಲ. ಕುಡಿಯುವ ನೀರಿಗೆಂದೇ ಮಾರುವ ಸಣ್ಣ ಹರಳು ಕೇಳಿ.

10 ಇಂಚು ವ್ಯಾಸದ, 54 ಇಂಚು ಎತ್ತರದ, ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕಿನ ಎಫ್‌ಆರ್‌ಪಿ ಸಿಲಿಂಡರಿನಲ್ಲಿ ನಿಮಿಷಕ್ಕೆ ಸುಮಾರು 10 ಲೀಟರ್ ಹರಿದರೆ ಹುಳಿ ಮುರಿಯಲು ಸಮಯ ಸಿಗುತ್ತದೆ. ಬಾವಿಯ ಪಂಪು ಇದರ ಹಲವು ಪಟ್ಟು ವೇಗದಲ್ಲಿ ನೂಕುತ್ತದೆ. ಪಂಪಿನಿಂದ ಟ್ಯಾಂಕಿಗೆ ಹೋಗುವ ಲೈನಿನಲ್ಲಿ ಸಿಲಿಂಡರ್ ಕೂರಿಸಿ, ಕೆಲಸ ಮಾಡುತ್ತಿಲ್ಲ ಎಂದು ದೂರುವವರು ಹೆಚ್ಚು. ಟ್ಯಾಂಕಿನಿಂದ ಮನೆಗೆ ಇಳಿಯುವ ಲೈನಿನಲ್ಲಿ ಕೂರಿಸಿ, ಬೈಪಾಸ್ ವಾಲ್ವ್ ಕೊಡಿ. ಹಾಸನ್ನು ಹಿಮ್ಮುಖವಾಗಿ ತೊಳೆಯಲು ಮಾತ್ರ ಪಂಪಿನ ಲೈನಿನಿಂದ ಒಂದು ಕವಲು ಎಳೆದುಕೊಳ್ಳಿ, ಆ ಕೆಲಸಕ್ಕೆ ಜೋರು ಬೇಕು.

ಖರ್ಚು ಹೆದರುವಷ್ಟಿಲ್ಲ. ಒಂದು ಮಿಲಿಗ್ರಾಂ ಇಂಗಾಲದ ಡೈಆಕ್ಸೈಡಿಗೆ 2.27 ಮಿಲಿಗ್ರಾಂ ಕ್ಯಾಲ್ಸೈಟ್ ಕರಗುತ್ತದೆ. ದಿನಕ್ಕೆ 800 ಲೀಟರ್ ಬಳಸುವ ಮನೆಯಲ್ಲಿ ನಮ್ಮ ಲೆಕ್ಕದ ನೀರಿಗೆ ದಿನಕ್ಕೆ ಹೆಚ್ಚೆಂದರೆ 55 ಗ್ರಾಂ, ವರ್ಷಕ್ಕೆ 20 ಕಿಲೋ. ಗಡಸುತನ ಲೀಟರಿಗೆ 68 ಮಿಲಿಗ್ರಾಂವರೆಗೆ ಏರಬಹುದು, ಆಗಲೂ ಬೇಳೆ ಚೆನ್ನಾಗಿಯೇ ಬೇಯುತ್ತದೆ.

ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಕ್ಯಾಲ್ಸೈಟ್ ಒಂದರಿಂದಲೇ ಆಗದಿರಬಹುದು. ಅದಕ್ಕೆ ಮೆಗ್ನೀಸಿಯಂ ಆಕ್ಸೈಡ್ ಬೆರೆಸುವವರಿದ್ದಾರೆ. ಹೆಚ್ಚಾದರೆ ಹಾಸು ಗಟ್ಟಿಯಾಗಿ ಕಲ್ಲಾಗುತ್ತದೆ, ಮನೆ ಬೀಗ ಹಾಕಿ ಊರಿಗೆ ಹೋಗಿ ಬಂದ ದಿನ ಪಿಎಚ್ ವಿಪರೀತ ಏರಿರುತ್ತದೆ. ಅದಕ್ಕಿಂತ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ದ್ರಾವಣವನ್ನು ಡೋಸಿಂಗ್ ಪಂಪಿನಿಂದ ಸೇರಿಸುವುದು ಮೇಲು. ಒಂದು ಮಿಲಿಗ್ರಾಂ ಇಂಗಾಲದ ಡೈಆಕ್ಸೈಡಿಗೆ 2.4 ಮಿಲಿಗ್ರಾಂ ಬೇಕು: 30 ಇದ್ದರೆ 1000 ಲೀಟರಿಗೆ 72 ಗ್ರಾಂ. ಡೋಸಿಂಗ್ ಪಂಪಿನ ಕರೆಂಟನ್ನು ಬಾವಿಯ ಪಂಪಿನ ಸ್ವಿಚ್ಚಿಗೇ ಜೋಡಿಸಿ, ಎರಡೂ ಒಟ್ಟಿಗೆ ಓಡಬೇಕು, ಒಟ್ಟಿಗೆ ನಿಲ್ಲಬೇಕು. ಇದರಿಂದ ಲೀಟರಿಗೆ 31 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿದವರು ಮನೆಯಲ್ಲಿದ್ದರೆ ಅವರ ಗಮನಕ್ಕೆ ತನ್ನಿ. ಬಟ್ಟೆ ತೊಳೆಯುವ ಸೋಡಾದ ಪೊಟ್ಟಣ ಇದಕ್ಕೆ ನಡೆಯದು, ಆಹಾರ ದರ್ಜೆಯದೇ ಬೇಕು.

ಹಾಕಿದ ಮೇಲೆ

ಸಂಸ್ಕರಿಸಿದ ನೀರಿನ ಪಿಎಚ್ 7.2ರಿಂದ 8ರ ನಡುವೆ, ಕ್ಷಾರತೆ 50 ದಾಟಿ ನಿಲ್ಲಬೇಕು. ಕಲೆ ಮರುದಿನವೇ ನಿಲ್ಲುವುದಿಲ್ಲ. ಕೊಳವೆಯೊಳಗೆ ಕೂತ ಹಸಿರು ಪುಡಿ ತೊಳೆದುಹೋಗಿ ಹೊಸ ಪದರ ಕಟ್ಟಲು ಕೆಲವು ವಾರಗಳು ಬೇಕು. ಈಗಾಗಲೇ ಗೋಡೆ ತೆಳುವಾಗಿರುವ ಕೊಳವೆ ಆಮೇಲೂ ಸೋರಬಹುದು, ಅದು ಹಳೆಯ ಗಾಯ. ಅಂಥ ಭಾಗವನ್ನು ಸಿಪಿವಿಸಿಗೆ ಬದಲಾಯಿಸುವುದರಲ್ಲಿ ತಪ್ಪಿಲ್ಲ. ಆದರೆ ಪೈಪು ಬದಲಾಯಿಸಿ ನೀರನ್ನು ಹಾಗೆಯೇ ಬಿಟ್ಟರೆ ಗೀಸರಿನ ಸುರುಳಿ ಮತ್ತೆ ಹೋಗುತ್ತದೆ, ಹಿತ್ತಾಳೆಯ ನಲ್ಲಿಗಳು ಸತುವು ಕಳೆದುಕೊಂಡು ಗುಲಾಬಿ ಬಣ್ಣಕ್ಕೆ ತಿರುಗಿ ಪುಡಿಯಾಗುತ್ತವೆ.

ಎರಡು ತಿಂಗಳ ನಂತರ ಬೆಳಗಿನ ಮೊದಲ ನೀರನ್ನು ಮತ್ತೊಮ್ಮೆ ತಾಮ್ರಕ್ಕಾಗಿ ಪರೀಕ್ಷೆ ಮಾಡಿಸಿ ಹಳೆಯ ವರದಿಯ ಪಕ್ಕದಲ್ಲಿಡಿ. ಪಿಎಚ್ ಪೆನ್ನನ್ನು ತಿಂಗಳಿಗೊಮ್ಮೆ ಅದ್ದಿ. ಜೂನ್ ಮಳೆ ಹಿಡಿದ ಮೇಲೆ ಬಾವಿಯ ನೀರು ಇನ್ನಷ್ಟು ಮೆದುವಾಗುತ್ತದೆ, ಏಪ್ರಿಲ್‌ನಲ್ಲಿ ಸಾಕಾಗುತ್ತಿದ್ದ ಹಾಸು ಆಗಸ್ಟ್‌ನಲ್ಲಿ ಸಾಲದೆ ಹೋಗಬಹುದು. ಸಿಲಿಂಡರಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಹಾಸು ಮೂರನೆಯ ಒಂದು ಭಾಗ ಇಳಿದಿದ್ದರೆ ಮೇಲಿನಿಂದ ತುಂಬಿ, ತೊಳೆದ ನೀರು ತಿಳಿಯಾಗುವವರೆಗೆ ಹೊರಗೆ ಬಿಟ್ಟು ಆಮೇಲೆ ಮನೆಯ ವಾಲ್ವ್ ತೆರೆಯಿರಿ.